ಮಂಜುನಾಥನ ಥರಾನೇ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಪ್ಯೂಟರ್ ಸರಿಯಾಗಿ ಓಡುತ್ತಿದ್ದರೆ "ಈಯಮ್ಮ ದಿನವೆಲ್ಲಾ ಏನ್ಮಾಡ್ತಾಳೆ?" ಅನ್ನುತ್ತಾರೆ. ನಿಂತುಹೋದರೆ "ಈಯಮ್ಮ ಏನ್ಮಾಡಿಟ್ಟಳೋ!" ಅನ್ನುತ್ತಾರೆ. ಇವೆರಡರ ನಡುವೆ ಒಂದು ಒಳ್ಳೆ ಮಾತು ಬರಬಹುದು ಅಂತ ಕಾದು ಕೂತರೆ ನಿಮ್ಮಂಥ ದಡ್ಡರು ಇನ್ನೊಬ್ಬರಿಲ್ಲ. ನಾನು ಕೆಲವು ವರ್ಷ ಕಾದೆ, ಆಮೇಲೆ ಬುದ್ಧಿ ಬಂತು.

ನಾನಿದ್ದದ್ದು ವಿಜಯನಗರದ ಒಂದು ವಿದ್ಯಾಸಂಸ್ಥೆಯಲ್ಲಿ. ಒಂದೇ ಕಾಂಪೌಂಡಿನಲ್ಲಿ ಶಾಲೆ, ಪಿಯು ಕಾಲೇಜು, ಡಿಗ್ರಿ ಕಾಲೇಜು, ಇವೆಲ್ಲದರ ತಲೆಯ ಮೇಲೆ ಒಂದು ಆಡಳಿತ ಕಚೇರಿ. ಬಾಗಿಲ ಮೇಲಿನ ಬೋರ್ಡಿನಲ್ಲಿ ನಾನು ಸಿಸ್ಟಂ ಅಡ್ಮಿನಿಸ್ಟ್ರೇಟರ್. ಬಾಗಿಲ ಈಚೆ ಬಂದರೆ ಕಂಪ್ಯೂಟರ್ ಮೇಡಂ. ಫ್ಯಾನ್ ತಿರುಗದಿದ್ದರೂ ನನ್ನನ್ನೇ ಕರೆಯುತ್ತಿದ್ದರು, "ಅದೂ ಕರೆಂಟೇ ತಾನೇ ಮೇಡಂ?" ಅಂತ. ನನಗೆ ಯಾವಾಗ ಯಾವ ಗ್ರೇಡು ಸಿಕ್ಕಿತು, ಯಾರು ಶಾಲು ಹೊದಿಸಿದರು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆ ಶಾಲು ಈಗ ಶ್ರೀಗಂಧದ ಕಾವಲ್‌ನ ನಮ್ಮ ಮನೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಹಾಸಿದೆ. ಒಳ್ಳೆ ದಪ್ಪ ಬಟ್ಟೆ, ಸುಳ್ಳು ಹೇಳಬಾರದು.

ನನ್ನ ಕೆಲಸದಲ್ಲಿ ದೊಡ್ಡ ಪಾಲು ಹೊಸಬರಿಗೆ ಅಕೌಂಟ್ ತೆರೆದುಕೊಡುವುದು. ಹೊಸ ಮೇಷ್ಟ್ರು ಬಂದರು, ಹೊಸ ಗುಮಾಸ್ತೆ ಬಂದರು ಅಂದರೆ ಅವರಿಗೊಂದು ಹೆಸರು, ಒಂದು ಪಾಸ್‌ವರ್ಡ್, ಒಂದು ಮೇಲ್ ವಿಳಾಸ ಆಗಬೇಕು. ಯಾವ ಕಡತ ತೆರೆಯಬಹುದು, ಯಾವುದನ್ನು ಮುಟ್ಟಬಾರದು, ಪ್ರಿಂಟ್ ಕೊಟ್ಟರೆ ಯಾವ ಕೋಣೆಯಲ್ಲಿ ಕಾಗದ ಬೀಳಬೇಕು, ಇವೆಲ್ಲ ಅವರು ಕುರ್ಚಿಯಲ್ಲಿ ಕೂರುವ ಮೊದಲೇ ತೀರ್ಮಾನ ಆಗಿರಬೇಕು. ಹೀಗೆ ಮೊದಲೇ ಇಟ್ಟಿರುವುದಕ್ಕೆ ಡೀಫಾಲ್ಟ್ ಅನ್ನುತ್ತಾರೆ. ಹೋಟೆಲಿನಲ್ಲಿ ಕಾಫಿ ಅಂದರೆ ಸಕ್ಕರೆ ಹಾಕಿಯೇ ತರುತ್ತಾರಲ್ಲ, ಬೇಡದವನು ಬೇಡ ಅಂತ ಬಾಯಿಬಿಟ್ಟು ಹೇಳಬೇಕಲ್ಲ, ಅಷ್ಟೇ ಇದು. ಆದರೆ ಕಾಫಿ ಕುಡಿದವನಿಗೆ ಸಕ್ಕರೆ ನಾಲಿಗೆಗೆ ತಾಗುತ್ತದೆ. ಇಲ್ಲಿ ಹಾಕಿದ್ದು ಏನೂ ಗೊತ್ತಾಗುವುದಿಲ್ಲ. ಹೆಚ್ಚಿನವರು ಸೇರಿದ ದಿನ ಏನು ಕೊಟ್ಟಿದ್ದೆವೋ ಅದನ್ನೇ ಇಟ್ಟುಕೊಂಡು ನಿವೃತ್ತರಾಗುತ್ತಾರೆ.

ಹೊಸಬರ ಹಣೆಬರಹ ಬರೆಯುವವಳು ನಾನು ಅಂತ ಶುರುವಿನಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಏನು ಬರೆಯಬೇಕು ಅಂತ ಹೇಳುವವರು ಯಾರು ಅಂತ ಗೊತ್ತಾದ ಮೇಲೆ ಇಳಿಯಿತು.

ಅವರ ಹೆಸರು ಪುಟ್ಟಸ್ವಾಮಿ. ಆಡಳಿತಾಧಿಕಾರಿ. ಎಲ್ಲರ ಬಾಯಲ್ಲಿ ಎ.ಓ. ಸಾಹೇಬರು. ಅಧ್ಯಕ್ಷರಿಗೆ ಬೀಗರು, ಹಾಗಾಗಿ ಕಲಿಯಬೇಕಾದ ಅಗತ್ಯ ಅವರಿಗೆ ಯಾವತ್ತೂ ಬೀಳಲಿಲ್ಲ. ಹೊಸಬರ ಪಾಸ್‌ವರ್ಡ್ ಈ ಸಾಹೇಬರ ಮನೆದೇವರ ಹೆಸರಿನಿಂದಲೇ ಶುರುವಾಗಬೇಕು, ಮುಂದೆ ಒಂದು ಎರಡು ಮೂರು. ಮೊದಲ ದಿನವೇ ಅದನ್ನು ಬದಲಾಯಿಸುವಂತೆ ಯಂತ್ರವೇ ಕೇಳಲಿ ಅಂತ ನಾನು ಇಟ್ಟೆ. ಎ.ಓ. ಮುಖ ಕೆಂಪಾಯಿತು.

"ದೇವರ ಹೆಸರು ತೆಗೀರಿ ಅಂತ ನಿಮ್ಮ ಕಂಪ್ಯೂಟ್ರು ಕೇಳುತ್ತಾ? ನಮ್ಮ ದೇವ್ರು ಏನ್ಮಾಡಿದ್ದ ಅದಕ್ಕೆ?"

ಆ ಸೆಟ್ಟಿಂಗ್ ತೆಗೆಸಿದರು. ಅವರ ಮನೆದೇವರು ಯಾರು ಅಂತ ನಮ್ಮ ಕ್ಯಾಂಟೀನಿನ ಹುಡುಗರಿಗೂ ಗೊತ್ತಿತ್ತು, ವರ್ಷಕ್ಕೊಮ್ಮೆ ಪ್ರಸಾದ ಹಂಚುತ್ತಿದ್ದರಲ್ಲ. ಅಂದರೆ ನಮ್ಮ ಸಂಸ್ಥೆಯ ಬೀಗದ ಕೈ ಪ್ರಸಾದದ ಜೊತೆ ಹಂಚಿಕೆಯಾಗುತ್ತಿತ್ತು. ಅಧ್ಯಕ್ಷರ ಹತ್ತಿರ ಹೋಗಿ ಹೇಳಿದೆ. ಅವರು "ದೇವ್ರು ಕಾಯ್ತಾನೆ ಬಿಡಮ್ಮ" ಅಂದರು.

ಈಗ ಮಂಜುನಾಥನ ವಿಷಯಕ್ಕೆ ಬರುತ್ತೇನೆ. ಯಾರಾದರೂ ಸೇರಿದರೆ ಎ.ಓ. ಕಚೇರಿಯಿಂದ ನನಗೆ ಒಂದು ಚೀಟಿ ಬರುತ್ತಿತ್ತು. ಹೊಸಬರಿಗೆ ಏನೇನು ಬೇಕು ಅಂತ ಬರೆಯಲು ಅದರಲ್ಲಿ ಜಾಗವಿತ್ತು. ಅದನ್ನು ತುಂಬಬೇಕಾದರೆ ಯೋಚನೆ ಮಾಡಬೇಕು. ಅಷ್ಟು ಕಷ್ಟ ಯಾರು ಪಡುತ್ತಾರೆ? ಎಲ್ಲ ಚೀಟಿಯಲ್ಲೂ ಒಂದೇ ಸಾಲು: "ಮಂಜುನಾಥನ ಥರಾನೇ ಮಾಡಿಕೊಡಿ."

ಮಂಜುನಾಥ ಫೀಸು ಕಟ್ಟಿಸಿಕೊಳ್ಳುವ ಕೌಂಟರಿನ ಹಳೆ ಗುಮಾಸ್ತೆ. ನಾನು ಸೇರುವ ಮೊದಲೇ ಕಂಪ್ಯೂಟರ್ ಕಂಪನಿಯವರು ಬಂದು ಮೊದಲು ತೆರೆದುಕೊಟ್ಟ ಅಕೌಂಟು ಅವರದು. ಅದು ಕೆಲಸ ಮಾಡಿತು. ನಮ್ಮಲ್ಲಿ ಒಂದು ಸಲ ಕೆಲಸ ಮಾಡಿದ್ದು ಶಾಸ್ತ್ರ ಆಗಿಬಿಡುತ್ತದೆ. ಹೊಸಬರು ಯಾರೇ ಬರಲಿ, ಸಂಸ್ಕೃತ ಪಂಡಿತರೇ ಇರಲಿ, ಲ್ಯಾಬ್ ಸಹಾಯಕರೇ ಇರಲಿ, ಮಂಜುನಾಥರ ಅಕೌಂಟನ್ನು ಹಾಗೇ ನಕಲು ತೆಗೆದು ಹೆಸರು ಬದಲಾಯಿಸುವುದು. ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಊರಿಗೆಲ್ಲ ತೊಡಿಸಿದ ಹಾಗೆ. ಇದು ತಪ್ಪು, ಹುದ್ದೆಗೆ ತಕ್ಕ ಹಾಗೆ ಬೇರೆ ಬೇರೆ ಮಾದರಿ ಮಾಡೋಣ ಅಂತ ನಾನು ಬರೆದುಕೊಟ್ಟ ಟಿಪ್ಪಣಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಮಂಜುನಾಥರಿಗೆ ಕೂರಲು ಒಂದು ಸ್ಟೂಲ್ ಆಗುತ್ತಿತ್ತು.

ಮಂಜುನಾಥರಿಗೆ ಕನ್ನಡಕ ಹಾಕಲು ನಾಚಿಕೆ. ಹಾಗಾಗಿ ಅಕ್ಷರವನ್ನು ದಪ್ಪದಪ್ಪ ಮಾಡಿಟ್ಟುಕೊಂಡಿದ್ದರು. ಇಡೀ ಸಂಸ್ಥೆಯಲ್ಲಿ ಎಳೆ ವಯಸ್ಸಿನ ಮೇಷ್ಟ್ರುಗಳ ಪರದೆಯ ಮೇಲೂ ಮೈಲಿಗಲ್ಲಿನ ಅಕ್ಷರ. ಅವರ ಪ್ರತಿ ಮೇಲ್‌ನ ಕೆಳಗೆ "ಫೀಸು ರಸೀದಿ ಜೋಪಾನ" ಅಂತ ತಾನಾಗಿಯೇ ಬರುತ್ತಿತ್ತು. ತತ್ತ್ವಶಾಸ್ತ್ರದ ಪ್ರೊಫೆಸರರು ಹೊರ ರಾಜ್ಯದ ವಿದ್ವಾಂಸರೊಬ್ಬರಿಗೆ ಬರೆದ ಪತ್ರದ ಕೆಳಗೂ ಫೀಸು ರಸೀದಿ ಜೋಪಾನ. ಪ್ರೊಫೆಸರರಿಗೆ ಅದು ಕಂಡಿದ್ದೇ ಇಲ್ಲ. ತಾವು ಬರೆದದ್ದನ್ನು ತಾವೇ ಓದುವ ಅಭ್ಯಾಸ ನಮ್ಮ ವಿದ್ವಾಂಸರಿಗೆ ಕಡಿಮೆ.

ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಪ್ರಿಂಟರಿನ ಪ್ರಸಂಗ. ಮಂಜುನಾಥರ ಪ್ರಿಂಟರ್ ಇದ್ದದ್ದು ಫೀಸಿನ ಕಿಟಕಿಯ ಪಕ್ಕ, ಕೈ ಚಾಚಿದರೆ ಸಿಗುವ ಹಾಗೆ. ಪಿಯು ಕಾಲೇಜಿಗೆ ಹೊಸ ಭೌತಶಾಸ್ತ್ರದ ಮೇಷ್ಟ್ರು ಬಂದರು. ಅವರಿಗೂ ಮಂಜುನಾಥನ ಥರಾನೇ. ಅವರು ಮೂರನೇ ಮಹಡಿಯಲ್ಲಿ ಕೂತು ಟೆಸ್ಟಿನ ಪ್ರಶ್ನೆಪತ್ರಿಕೆಗೆ ಪ್ರಿಂಟ್ ಕೊಟ್ಟರು. ಕಾಗದ ಬರಲಿಲ್ಲ. ಇನ್ನೊಮ್ಮೆ ಕೊಟ್ಟರು. ಕೆಳಗೆ ಫೀಸು ಕಟ್ಟಲು ಸಾಲಿನಲ್ಲಿ ನಿಂತಿದ್ದ ವಿದ್ಯಾರ್ಥಿಗಳ ಮುಂದೆ ಪ್ರಶ್ನೆಪತ್ರಿಕೆ ಒಂದಾದ ಮೇಲೊಂದು ಬೀಳುತ್ತಿತ್ತು. ಟೆಸ್ಟಿನಲ್ಲಿ ಇಡೀ ತರಗತಿಗೆ ಭರ್ಜರಿ ಅಂಕ. ಪ್ರಾಂಶುಪಾಲರು ಸಭೆ ಕರೆದು, "ಪಾಠ ಮಾಡಿದರೆ ಹೀಗೆ ಮಾಡಬೇಕು" ಅಂತ ಆ ಮೇಷ್ಟ್ರಿಗೆ ಹೂಗುಚ್ಛ ಕೊಟ್ಟರು. ನಾನು ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಇಷ್ಟು ಹೊತ್ತು ಹೇಳಿದ್ದು ನಗುವ ವಿಷಯ. ಈಗ ಹೇಳುವುದಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮಂಜುನಾಥರು ನಿವೃತ್ತರಾಗಿ ತಮ್ಮ ಪಾಡಿಗೆ ಕೆಂಗೇರಿಯಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದ ಕಾಲ. ಅವರ ಅಕೌಂಟಿನ ನಕಲು ಮಾತ್ರ ನಿಂತಿರಲಿಲ್ಲ. ಆಗ ಫ್ರಂಟ್ ಆಫೀಸಿಗೆ ರೇಣುಕಾ ಅನ್ನುವ ಹೆಣ್ಣುಮಗಳು ಸೇರಿದಳು. ಹಾವೇರಿ ಕಡೆಯವಳು. ಗಂಡ ಡೆಲಿವರಿ ಕೆಲಸಕ್ಕೆ ಗಾಡಿ ಓಡಿಸುತ್ತಿದ್ದ. ಉಲ್ಲಾಳದಲ್ಲಿ ಬಾಡಿಗೆ ಮನೆ, ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆದರೆ ಮಗಳಿಗೆ ನಮ್ಮ ಶಾಲೆಯಲ್ಲೇ ಸೀಟು, ಸಿಬ್ಬಂದಿಯ ಮಕ್ಕಳಿಗೆ ಅದೊಂದು ಅನುಕೂಲವಿತ್ತು. ಆ ಸೀಟಿಗಾಗಿಯೇ ಅವಳು ಈ ಕೆಲಸ ಹಿಡಿದಿದ್ದಳು. ಊಟದ ಹೊತ್ತಿನಲ್ಲಿ ಕಿಟಕಿಯಿಂದ ಶಾಲೆಯ ಮಕ್ಕಳ ಸಾಲು ನೋಡುತ್ತಾ, "ಮುಂದಿನ ವರ್ಷ ನಮ್ಮಾಕಿನೂ ಅಲ್ಲೇ ನಿಂತಿರ್ತಾಳ ನೋಡ್ರಿ ಮೇಡಂ" ಅನ್ನುತ್ತಿದ್ದಳು.

ನಮ್ಮ ಎ.ಓ. ಸಾಹೇಬರದು ಶುಕ್ರವಾರದ ಪದ್ಧತಿ ಒಂದಿತ್ತು. ಅವತ್ತು ಅವರ ಚೇಂಬರಿನಲ್ಲಿ ಪೂಜೆ. ಕಚೇರಿಯ ಹೆಣ್ಣುಮಕ್ಕಳು ಎಲ್ಲರಿಗಿಂತ ಮೊದಲು ಬಂದು ಬಾಗಿಲಿಗೆ ರಂಗೋಲಿ ಹಾಕಿ, ಹೂ ಕಟ್ಟಿ, ದೀಪದ ಕಂಬ ತೊಳೆದು ಇಡಬೇಕು. ಅಟೆಂಡರುಗಳು ಇರಲಿಲ್ಲವೇ ಅಂದರೆ ಇದ್ದರು. "ಹೆಣ್ಮಕ್ಕಳ ಕೈಯಿಂದ ಆದರೆ ಲಕ್ಷಣ" ಅಂತ ಸಾಹೇಬರ ಅಭಿಪ್ರಾಯ. ಎಂ.ಕಾಂ. ಓದಿದವರೂ ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ಚುಕ್ಕಿ ಇಡುತ್ತಿದ್ದರು. ನನ್ನನ್ನು ಕರೆದಾಗ ಮಾತ್ರ ಸರ್ವರ್ ಬಿಟ್ಟು ಬಂದರೆ ಸಂಬಳದ ಕಡತ ಹಾರಿಹೋಗುತ್ತದೆ ಅಂತ ಹೆದರಿಸಿ ಬಚಾವಾಗಿದ್ದೆ. ಆ ಮಟ್ಟಿಗೆ ಅವರ ಅಜ್ಞಾನ ಉಪಯೋಗಕ್ಕೆ ಬಂತು.

ರೇಣುಕಾ ಎರಡು ಮೂರು ಶುಕ್ರವಾರ ರಂಗೋಲಿ ಹಾಕಿದಳು. ಒಂದು ಸಲ ಬಸ್ಸು ತಡವಾಗಿ ಬಂದು ಹಾಕಲಾಗಲಿಲ್ಲ. ಎ.ಓ. ಎಲ್ಲರೆದುರು ಕೂಗಾಡಿದರು.

"ಏನಮ್ಮ, ಒಂದೆಳೆ ರಂಗೋಲಿ ಹಾಕಿದ್ರೆ ಕೈ ಸವೆದೋಗುತ್ತಾ ನಿಂಗೆ?"

ಅವಳು ತನ್ನ ಮೇಜಿನ ಮುಂದೆ ಕೂತು ಅಧ್ಯಕ್ಷರಿಗೆ ಒಂದು ಮೇಲ್ ಬರೆದಳು. ವಿನಯವಾದ ಪತ್ರ, ಆಮೇಲೆ ನಾನೂ ಓದಿದೆ. "ಫ್ರಂಟ್ ಆಫೀಸಿನ ಕೆಲಸ ಎಷ್ಟಾದರೂ ಮಾಡುತ್ತೇನೆ, ಆದರೆ ನನ್ನ ನೇಮಕ ರಂಗೋಲಿಗೆ ಆಗಿಲ್ಲ" ಅಂತ ಒಂದು ಸಾಲಿತ್ತು. ಅದನ್ನು ಬರೆಯುವ ಧೈರ್ಯ ಹಳೆ ಹುಲಿಗಳಾದ ನಮಗೆ ಯಾರಿಗೂ ಬಂದಿರಲಿಲ್ಲ.

ಮಾರನೆಯ ದಿನ ಎ.ಓ. ಅವಳ ಮೇಜಿನ ಮುಂದೆ ನಿಂತು ಆ ಸಾಲನ್ನೇ ಬಾಯಿಪಾಠ ಒಪ್ಪಿಸಿದರು. "ನೇಮಕ ರಂಗೋಲಿಗೆ ಆಗಿಲ್ವಾ? ಸರಿ ಬಿಡು. ಯಾವುದಕ್ಕೂ ಆಗೋದು ಬೇಡ. ಸೋಮವಾರ ಅಧ್ಯಕ್ಷರು ಬರ್ತಾರೆ, ನಿನ್ ಫೈಲಿಗೆ ಸಹಿ ಹಾಕಿಸ್ತೀನಿ."

ರೇಣುಕಾ ನೇರವಾಗಿ ನನ್ನ ಕೋಣೆಗೆ ಬಂದಳು. ಅಳುತ್ತಾಳೆ ಅಂದುಕೊಂಡೆ. ಇಲ್ಲ, ಉರಿಯುತ್ತಿದ್ದಳು.

"ಖರೇ ಹೇಳ್ರಿ ಮೇಡಂ. ಎಲ್ಲಾರ ಮೇಲ್ ನಿಮ್ಮ ಕೈಯಾಗ ಇರ್ತಾವ. ನೀವ ಓದಿ ಸಾಹೇಬ್ರಿಗೆ ಹೇಳೀರಿ, ಹೌದಿಲ್ಲೋ?"

"ನಿಂಗೆ ತಲೆ ಕೆಟ್ಟಿದ್ಯೇನೇ? ನಾನ್ಯಾಕೆ ಹೇಳಲಿ?"

"ಹಂಗಾರ ಅಧ್ಯಕ್ಷರ ಹೇಳಿರಬೇಕು. ನನ್ನ ಮಗಳ ಸೀಟ್ ಹೋತಲ್ರಿ ಮೇಡಂ." ಅಷ್ಟು ಹೇಳಿ ಅಲ್ಲೇ ಕೂತುಬಿಟ್ಟಳು.

ನನಗೆ ಎರಡು ಕಾರಣಕ್ಕೆ ಸಿಟ್ಟು ಬಂತು. ಒಂದು, ಒಬ್ಬ ತಾಯಿಯ ಹೊಟ್ಟೆಗೆ ಹೀಗೆ ಬೆಂಕಿ ಇಟ್ಟರಲ್ಲ ಅಂತ. ಇನ್ನೊಂದು, ಚಾಡಿಕೋರಿ ಅನ್ನುವ ಹೆಸರು ನನ್ನ ತಲೆಗೆ ಬರುತ್ತಿದೆಯಲ್ಲ ಅಂತ. ಯಾವ ಸಿಟ್ಟು ದೊಡ್ಡದು ಅಂತ ಕೇಳಬೇಡಿ. ಅಧ್ಯಕ್ಷರು ಹೇಳಿರಲು ಸಾಧ್ಯವೇ ಇರಲಿಲ್ಲ. ಅವರು ಮೇಲ್ ತೆರೆಯುತ್ತಿದ್ದದ್ದು ಸೋಮವಾರ ಕಚೇರಿಗೆ ಬಂದಾಗ ಮಾತ್ರ, ಅದೂ ಯಾರಾದರೂ ಪ್ರಿಂಟ್ ತೆಗೆದುಕೊಟ್ಟರೆ. ಅವಳ ಪತ್ರವನ್ನು ಅವರಿನ್ನೂ ಕಣ್ಣಿಂದ ನೋಡಿರಲಿಲ್ಲ.

ಆ ಕಾಲದವರೆಗೂ ಮೇಲ್‌ನ ಒಳಗಿನ ಸೆಟ್ಟಿಂಗುಗಳನ್ನು ಕಂಪನಿಯವರೇ ನೋಡಿಕೊಳ್ಳುತ್ತಿದ್ದರು, ನನಗೆ ಬಾಗಿಲು ಮುಚ್ಚಿತ್ತು. ಅವರ ಕರಾರು ಮುಗಿದು ಆಗತಾನೇ ನನ್ನ ಕೈಗೆ ಬಂದಿತ್ತು. ರೇಣುಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವಳ ಅಕೌಂಟ್ ತೆರೆದೆ. ಒಳಗೆ ಒಂದು ನಿಯಮ ಇಟ್ಟಿತ್ತು: ಇಲ್ಲಿಂದ ಹೋಗುವ ಪ್ರತಿ ಪತ್ರದ ಒಂದು ಪ್ರತಿ ಸದ್ದಿಲ್ಲದೆ ಎ.ಓ. ಅವರಿಗೆ ಹೋಗಲಿ. ಪಕ್ಕದ ಮೇಜಿನವಳ ಅಕೌಂಟ್ ನೋಡಿದೆ. ಅದರಲ್ಲೂ ಇತ್ತು. ತತ್ತ್ವಶಾಸ್ತ್ರದ ಪ್ರೊಫೆಸರರದರಲ್ಲೂ ಇತ್ತು. ನನ್ನದನ್ನು ನೋಡಿದೆ. ನಾನೂ ಮಂಜುನಾಥನ ಥರಾನೇ.

ಕೆಂಗೇರಿಗೆ ಫೋನ್ ಮಾಡಿದೆ. ಮಂಜುನಾಥರು ಕೇಳಿ, "ಓ, ಹಾಗಿದ್ರೆ ಇದಾ ಮೇಡಂ ಕಾರಣ" ಅಂದರು. "ಆಗ ನೌಕರರ ಸಂಘ ಕಟ್ಬೇಕು ಅಂತ ನಾವು ನಾಲ್ಕು ಜನ ಓಡಾಡ್ತಿದ್ವಿ. ನಾವು ಮೇಲ್‌ನಲ್ಲಿ ಏನ್ ಮಾತಾಡ್ಕೊಂಡ್ರೂ ಎ.ಓ.ಗೆ ಗೊತ್ತಾಗೋದು. ನಮ್ಮಲ್ಲೇ ಯಾರೋ ಚಾಡಿ ಹೇಳ್ತಾರೆ ಅಂತ ಒಬ್ಬರಿಗೊಬ್ಬರು ಮಾತು ಬಿಟ್ವಿ. ಸಂಘ ಅಲ್ಲಿಗೇ ಮುಗೀತು."

ಅಂದರೆ ಒಬ್ಬ ಮಂಜುನಾಥರ ಮೇಲೆ ಕಣ್ಣಿಡಲು ಕಂಪನಿಯವರಿಂದ ಹಾಕಿಸಿದ ನಿಯಮ, ನಕಲಿನ ಮೇಲೆ ನಕಲಾಗಿ ಇಡೀ ಸಂಸ್ಥೆಗೆ ಹರಡಿತ್ತು. ನಾವೆಲ್ಲ ಎ.ಓ. ಸಾಹೇಬರನ್ನು ಏನಂದುಕೊಂಡಿದ್ದೆವು! ಮಹಾ ಚಾಣಾಕ್ಷ, ಗೋಡೆಗೂ ಕಿವಿ ಇಟ್ಟಿದ್ದಾರೆ, ಮುಖ ನೋಡಿ ಮನಸ್ಸು ಓದುತ್ತಾರೆ ಅಂತ. ಎಂಥ ಮನಸ್ಸು, ಎಂಥ ಓದು! ಕೂತಲ್ಲೇ ಬಾಯಿಗೆ ಬಂದು ಬೀಳುತ್ತಿತ್ತು, ನುಂಗುತ್ತಿದ್ದರು. ಅದನ್ನು ತಾವೇ ಹಾಕಿಸಿದ್ದು ಅನ್ನುವುದನ್ನೇ ಮರೆತು ತಾವು ನಿಜವಾಗಿ ಬುದ್ಧಿವಂತರು ಅಂತ ಅವರೂ ನಂಬಿಕೊಂಡಿದ್ದಿರಬೇಕು.

ಸೋಮವಾರ ಅಧ್ಯಕ್ಷರು ಬಂದರು. ಉಲ್ಲಾಳದ ಕಡೆ ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಆ ಹೊಲದಲ್ಲೆಲ್ಲ ಅಪಾರ್ಟ್‌ಮೆಂಟುಗಳಿವೆ. ಒರಟು ಮನುಷ್ಯ, ಆದರೆ ದಡ್ಡರಲ್ಲ. ಎ.ಓ. ಆಗಲೇ ರೇಣುಕಾಳ ಫೈಲು ಹಿಡಿದು ನಿಂತಿದ್ದರು. ನಾನು ಅವಳ ಕೈ ಹಿಡಿದುಕೊಂಡು ಕರೆಯದೆಯೇ ಒಳಗೆ ಹೋದೆ.

"ಸಾರ್, ಈ ಹುಡುಗಿ ನಿಮಗೊಂದು ಮೇಲ್ ಬರೆದಿದಾಳೆ. ಓದಿದೀರಾ?"

"ಇನ್ನೂ ಇಲ್ಲಮ್ಮ. ಏನಂತೆ?"

"ಎ.ಓ. ಸಾಹೇಬರನ್ನ ಕೇಳಿ ಸಾರ್. ಅವರಿಗೆ ಬಾಯಿಪಾಠ ಬರುತ್ತೆ."

ಅಧ್ಯಕ್ಷರು ತಿರುಗಿ ನೋಡಿದರು. "ಏನಯ್ಯ ಪುಟ್ಟಸ್ವಾಮಿ, ನಂಗ್ ಬಂದಿರೋ ಕಾಗ್ದ ನಾನೇ ಓದಿಲ್ಲ. ನಿಂಗೆಂಗಯ್ಯ ಗೊತ್ತಾಯ್ತು?"

"ಅದು... ಆಫೀಸಿನಲ್ಲಿ ಮಾತಾಡ್ಕೊಳ್ತಿದ್ರು ಭಾವ. ನಾನೇನೂ ಕಂಪ್ಯೂಟ್ರಲ್ಲಿ ನೋಡಿಲ್ಲ." ಕಂಪ್ಯೂಟರ್ ಅನ್ನುವ ಮಾತನ್ನೇ ಇನ್ನೂ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನಾನು ನಿಯಮದ ವಿಷಯ ಬಿಡಿಸಿ ಹೇಳಿದೆ. ರಂಗೋಲಿಯ ವಿಷಯವನ್ನೂ ಹೇಳಿದೆ, ಮಗುವಿನ ಸೀಟಿನ ವಿಷಯವನ್ನೂ ಹೇಳಿದೆ. ಅಧ್ಯಕ್ಷರು ಮೀಸೆ ಸವರಿಕೊಂಡು, "ನೋಡಮ್ಮ, ಆಫೀಸು ಅಂದ್ಮೇಲೆ ಸ್ವಲ್ಪ ಅನುಸರಿಸ್ಕೊಂಡು ಹೋಗ್ಬೇಕು" ಅಂತ ಶುರುಮಾಡಿದರು. ಫೈಲು ಮೇಜಿನ ಮೇಲಿತ್ತು, ಪೆನ್ನು ಕೈಯಲ್ಲಿತ್ತು.

ನ್ಯಾಯ, ನೀತಿ, ಹೆಣ್ಣುಮಕ್ಕಳ ಮರ್ಯಾದೆ, ಇವೆಲ್ಲ ಆ ಕೋಣೆಯಲ್ಲಿ ಚಲಾವಣೆಯಾಗುವುದಿಲ್ಲ ಅಂತ ನನಗೆ ಗೊತ್ತಾಯಿತು. ಹಾಗಾಗಿ ಕೊನೆಯ ಮಾತು ಹೇಳಿದೆ.

"ಸಾರ್, ನೀವು ಅಧ್ಯಕ್ಷರಾದಾಗ ನಿಮ್ಮ ಅಕೌಂಟ್ ಮಾಡೋಕೆ ಚೀಟಿ ಕಳಿಸಿದ್ದು ಎ.ಓ. ಸಾಹೇಬರೇ. ಅದರಲ್ಲೂ ಮಂಜುನಾಥನ ಥರಾನೇ ಅಂತ ಬರೆದಿದ್ರು. ನೀವು ಇದುವರೆಗೂ ಯಾರ್ಯಾರಿಗೆ ಏನೇನು ಬರೆಸಿ ಕಳಿಸಿದೀರೋ ಎಲ್ಲಾ ಇವರ ಹತ್ತಿರ ಇದೆ."

ಹೆಣ್ಣುಮಗಳ ಕಷ್ಟಕ್ಕೆ ಕದಲದ ಮನುಷ್ಯ ಆಗ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಬೀಗರ ಮೇಲೆ ಬೀಗರು ಏನೇನು ಬರೆದಿರುತ್ತಾರೋ, ಯಾವ ವಕೀಲರಿಗೆ ಬರೆದಿರುತ್ತಾರೋ, ಅವರಿಗೇ ಗೊತ್ತು. ಪುಟ್ಟಸ್ವಾಮಿಯವರ ಮುಖ ಸುಣ್ಣದ ಹಾಗಾಯಿತು. "ಅದು ಕಂಪ್ಯೂಟ್ರು ತಪ್ಪು ಭಾವ" ಅಂದರು.

ಈ ಮಾತನ್ನು ನೀವೂ ನೂರು ಸಲ ಕೇಳುತ್ತೀರಿ. ಕಂಪ್ಯೂಟರಿಗೆ ತಪ್ಪು ಮಾಡುವಷ್ಟು ಬುದ್ಧಿ ಇಲ್ಲ. ಅದು ಹೇಳಿದ್ದನ್ನು ಮಾಡುತ್ತದೆ, ಹೇಳಿದವನು ಮರೆತ ಮೇಲೂ ಮಾಡುತ್ತಿರುತ್ತದೆ.

ಅಧ್ಯಕ್ಷರು ಫೈಲು ಎಳೆದುಕೊಂಡು ರೇಣುಕಾಳ ಕೆಲಸ ಖಾಯಂ ಅಂತ ಸಹಿ ಹಾಕಿದರು. ಅದು ಅವಳ ಮೇಲಿನ ಪ್ರೀತಿಯಿಂದ ಅಲ್ಲ, ಬೀಗರ ಮೇಲಿನ ಸಿಟ್ಟಿನಿಂದ. ನಮಗೇನು, ಸಹಿ ಸಹಿಯೇ. ಎ.ಓ. ಅವರನ್ನು ತೆಗೆದರೇ ಅಂತ ಕೇಳುವಷ್ಟು ಮುಗ್ಧರು ನೀವಾಗಿದ್ದರೆ ಈ ಕೆಲಸಕ್ಕೆ ಬರಬೇಡಿ. ಅವರು ಅಲ್ಲೇ ಇದ್ದರು. ಶುಕ್ರವಾರದ ರಂಗೋಲಿ ಮಾತ್ರ ನಿಂತಿತು, ಈಗ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದ್ದಾರೆ. ದೇವರಿಗೆ ಅದೂ ನಡೆಯುತ್ತದೆ ಅಂತ ಆಯಿತು.

"ಎಲ್ಲಾರ್ದೂ ಅದೇನೋ ತೆಗ್ದಾಕಮ್ಮ" ಅಂತ ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದರು. ಮೊದಲು ರೇಣುಕಾಳದನ್ನು ಅವರ ಕಣ್ಣೆದುರೇ ಶುದ್ಧ ಮಾಡಿ ತೋರಿಸಿದೆ. ಯಾರ ಹೆಸರೂ ಇಲ್ಲದ, ಹುದ್ದೆಗೆ ತಕ್ಕ ಹೊಸ ಮಾದರಿಗಳನ್ನು ಮಾಡುತ್ತೇನೆ ಸಾರ್ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಯಾರ ಥರವೂ ಅಲ್ಲದ್ದು ಹೇಗಿರುತ್ತದೆ ಅಂತ ನಮ್ಮ ಜನಕ್ಕೆ ಹೇಳಿ ಒಪ್ಪಿಸುವುದು ಕಷ್ಟ.

"ಅದೆಲ್ಲಾ ಬ್ಯಾಡ. ಎಲ್ಲಾರ್ದೂ ಈ ಹುಡ್ಗಿ ಥರಾನೇ ಮಾಡ್ಬುಡಿ. ನಂದೂವೆ" ಅಂದರು.

ಅಲ್ಲಿಂದ ಚೀಟಿಗಳಲ್ಲಿ ಮಂಜುನಾಥ ಹೋಗಿ ರೇಣುಕಾ ಬಂದಳು. ನಾನು ನಿವೃತ್ತಳಾಗುವ ಮುಂಚೆ ಹೊಸ ಸರ್ವರ್ ಬಂತು. ಹಳಬರ ಅಕೌಂಟುಗಳನ್ನೂ ಹೊಸದಾಗಿ ತೆರೆಯಬೇಕಾಯಿತು. ಎಲ್ಲರದೂ ರೇಣುಕಾಳ ಥರಾನೇ. ಅಷ್ಟರಲ್ಲಿ ರೇಣುಕಾ ತನ್ನ ಮೇಲ್‌ಗಳ ಕೆಳಗೆ ತಾನಾಗಿಯೇ ಬರುವ ಹಾಗೆ ಒಂದು ಸಾಲು ಹಾಕಿಕೊಂಡಿದ್ದಳು. ಪಾಪ, ಸುಟ್ಟುಕೊಂಡವಳು. ನಕಲು ತೆಗೆಯುವ ಮೊದಲು ಆ ಸಾಲು ನನ್ನ ಕಣ್ಣಿಗೆ ಬಿತ್ತು. ಅಳಿಸುವುದು ಒಂದು ಗಳಿಗೆಯ ಕೆಲಸ. ಅಳಿಸಲಿಲ್ಲ.

ಮೊನ್ನೆ ಸಂಸ್ಥಾಪಕರ ದಿನಾಚರಣೆಗೆ ಬರಬೇಕು ಅಂತ ಎ.ಓ. ಸಾಹೇಬರಿಂದ ನನಗೊಂದು ಮೇಲ್ ಬಂತು. ಹಾಲಿ ಸಿಬ್ಬಂದಿ, ನಿವೃತ್ತರು, ದಾನಿಗಳು, ಮಂಜುನಾಥರೂ ಸೇರಿ ಊರಿನವರೆಲ್ಲರ ವಿಳಾಸವನ್ನು ಒಂದೇ ಪತ್ರದ ತಲೆಯ ಮೇಲೆ ಪೇರಿಸಿದ್ದರು. ಕೆಳಗೆ ಅವರ ಹೆಸರು, ಹುದ್ದೆ. ಅದರ ಕೆಳಗೆ ರೇಣುಕಾಳ ಸಾಲು:

"ಈ ಪತ್ರ ನಿಮಗೆ ಮಾತ್ರ. ಇದರ ಪ್ರತಿ ಬೇರೆ ಯಾರಿಗೂ ಹೋಗಿಲ್ಲ."

ಇಸ್ತ್ರಿ ಅರ್ಧಕ್ಕೆ ಬಿಟ್ಟು ನಕ್ಕೆ. ಆಮೇಲೆ ರೇಣುಕಾಳಿಗೆ ಫೋನ್ ಮಾಡಿದೆ. ಮಗಳನ್ನು ಶಾಲೆಯ ಗೇಟಿನಿಂದ ಕರೆದುಕೊಂಡು ಬರುತ್ತಿದ್ದಳು, ಹಿಂದೆ ಮಕ್ಕಳ ಗದ್ದಲ.

"ಸಾಹೇಬ್ರು ಇನ್ನೂ ಅದನ್ನ ನೋಡೇ ಇಲ್ರೀ ಮೇಡಂ" ಅಂದಳು. "ಊರ ಮಂದಿಗೆಲ್ಲಾ ಹಿಂಗ ಹೊಂಟೈತಿ. ಹೇಳ್ಲೇನ್ರಿ ಅವ್ರಿಗೆ?"

"ಬೇಡ ಬಿಡಮ್ಮ" ಅಂದೆ. "ಸಕ್ಕರೆ ಬೇಡ ಅಂದ್ರೆ ಅವರೇ ಬಾಯಿಬಿಟ್ಟು ಹೇಳ್ಲಿ."